ಪರರ ಪೆಟ್ಟಿಗೆಯ ಮೇಲೆ ಮಲಗಿದವಳು

ಇದು ನಮ್ಮ ಬೀದಿಯ ಒತ್ತೊರೀನೊಗೆ ಆದದ್ದು. ನಾನು ಹೆಣೆದದ್ದಲ್ಲ.

ವಸ್ತುಸಂಗ್ರಹಾಲಯದ ಪ್ರಾಚೀನ ಶಿಲ್ಪಗಳನ್ನು ಮರದ ಪೆಟ್ಟಿಗೆಗಳಲ್ಲಿ ಭದ್ರಪಡಿಸಿ ಪರದೇಶದ ಪ್ರದರ್ಶನಗಳಿಗೆ ಸಾಗಿಸುವುದು ಅವನ ಕಸುಬು. ಆ ರಾತ್ರಿ ಹನ್ನೊಂದೂವರೆಗೆ ಹಳೆಯ ಬಾವಿಯ ಪಕ್ಕದ ಇಳಿಜಾರಿನಲ್ಲಿ ಮನೆಗೆ ನಡೆದಿದ್ದ. ಬಾಯ್ತುಂಬ ಬೈಗುಳ. ಸತ್ತವರನ್ನು ಸರ್ಕಸ್ಸಿನ ಕರಡಿಗಳಂತೆ ಊರೂರು ಕುಣಿಸುವ ಈ ವಿದ್ವಾಂಸರಿಗಿಂತ ಗೋರಿ ಅಗೆಯುವ ಕಳ್ಳರೇ ಮರ್ಯಾದಸ್ಥರೆಂಬುದು ಅವನ ಎಣಿಕೆ.

ಕಾರಣವಿತ್ತು. ನಮ್ಮ ಇಟಲಿಯಲ್ಲಿ ರೋಮನ್ನರಿಗೂ ಮುಂಚೆ ಇದ್ದ ಎಟ್ರಸ್ಕನ್ನರ ಕಾಲದ, ಸತ್ತವರ ಬೂದಿಯಿಡುವ ಒಂದು ಭಸ್ಮಪೆಟ್ಟಿಗೆ. ಅದರ ಕಲ್ಮುಚ್ಚಳದ ಮೇಲೆ ಮೊಣಕೈಯೂರಿ ಒರಗಿದ ಹೆಂಗಸಿನ ಶಿಲ್ಪ. ಪಕ್ಕದ ಪೆಟ್ಟಿಗೆಯ ಮೇಲೆ ಮೂಗು ಮುರಿದ ಗಂಡ. ಹೆಂಗಸು ಚೆಲುವೆ, ಪೆಟ್ಟಿಗೆ ಮಾತ್ರ ಕೆತ್ತನೆಯಿಲ್ಲದೆ ಬೋಳು. ಬೋಳು ಪೆಟ್ಟಿಗೆಗೆ ಜನ ಸೇರುವುದುಂಟೇ?

ಆ ಸಂಜೆ ಸಂಗ್ರಹಾಲಯದ ನಿರ್ದೇಶಕ ಬಂದಿನೂಚಿ ಅಪ್ಪಣೆ ಕೊಟ್ಟ: "ಅವಳನ್ನ ಆ ಮೂಲೆಯಲ್ಲಿರೋ ಕೆತ್ತನೆ ಪೆಟ್ಟಿಗೆ ಮೇಲೆ ಮಲಗಿಸು."

"ಅದು ಬೇರೆ ಗಂಡಸಿಂದು, ದೊತ್ತೊರೆ ಸಾಹೇಬ್ರೇ."

"ಅವಳೇನು ಪೊಲೀಸಿಗೆ ದೂರು ಕೊಡ್ತಾಳಾ? ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಮಲಗಿಸಿದ. ಏಳು ನಗರ ಸುತ್ತಿ ದಣಿದಿದ್ದ ಈಜಿಪ್ಟಿನ ಬೆಕ್ಕಿನ ಮಮ್ಮಿಯ ಪಕ್ಕದಲ್ಲಿ ಅವಳನ್ನೂ ಇಟ್ಟು, ಮರದ ಹಲಗೆಗೆ ತಿರುಪು ಬಿಗಿದ.

ಈಗ ಬಾವಿಯ ಬಳಿ ಸದ್ದು... ಗರ್... ಗರ್... ಬೀಸುಕಲ್ಲು ಎಳೆದಂತೆ. ಅವನು ನಿಂತ. ಅದೂ ನಿಂತಿತು.

ಕಟ್ಟೆಯಾಚೆಯಿಂದ ಹೆಣ್ಣುದನಿ. ಪಿಸುಮಾತು.

"ಅಣ್ಣಾ... ಮನೆ ಯಾವ ಕಡೆ?"

ಕುಡಿದ ಪ್ರವಾಸಿಯಿರಬೇಕು. "ಹೋಟೆಲು ಮೇಲಿದೆ. ಹೋಗಿ ಮಲಕ್ಕೋ ತಾಯಿ."

"ಅಲ್ಲಿ... ಯಾರೋ ಮಲಗಿದಾರೆ."

"ನಿನ್ನ ಯಜಮಾನರೆಲ್ಲಿ?"

"ಒಬ್ಬರೇ ಇದಾರೆ... ಮೂಗು ಮುರಿದಿದೆ."

ಒತ್ತೊರೀನೊ ಮನೆಗೆ ಓಡಲಿಲ್ಲ. ಬಂದ ದಾರಿಯಲ್ಲೇ ಸಂಗ್ರಹಾಲಯಕ್ಕೆ ಮರಳಿ ಏರಿದ. ರಾತ್ರಿಪಾಳಿಯ ಕಾವಲಿನ ಜೆಲಿಂದಾ ಬಾಗಿಲು ತೆರೆದಳು.

"ಏನೋ ಇದು, ಮುಖ ಸುಣ್ಣ ಆಗಿದೆ?"

"ಅಕ್ಕಾ, ತಿರುಪು ಬಿಚ್ಚಬೇಕು. ಟಾರ್ಚು ಹಿಡಿ."

"ಕೆಲಸ ಹೋಗುತ್ತೆ ಕಣೋ!"

"ಹೋಗಲಿ. ತಲೆಹಿಡುಕರ ಕೆಲಸ."

ಇಬ್ಬರೂ ಸೇರಿ, ರಾಟೆಯ ಸರಪಳಿ ಕಿರಕ್... ಕಿರಕ್... ಎನ್ನುತ್ತಿರಲು, ಅವಳನ್ನು ಅವಳದೇ ಬೋಳು ಪೆಟ್ಟಿಗೆಯ ಮೇಲೆ ಗಂಡನ ಪಕ್ಕಕ್ಕಿಳಿಸಿದರು.

ಬೆಳಿಗ್ಗೆ ಬಂದಿನೂಚಿ ಕಂಡವನೇ ಕೂಗಾಡಿದ. "ಕುಡುಕ ಮುಂಡೇದು! ತೊಲಗು!" ಒತ್ತೊರೀನೊ ಟೋಪಿ ತೆಗೆದುಕೊಂಡ. ನಾಲ್ವರು ಆಳುಗಳು ಮುಚ್ಚಳವನ್ನು ಮತ್ತೆ ಎತ್ತಿದರು... ಎತ್ತಿದವರು ಎತ್ತಿದಂತೆಯೇ ನಿಂತರು.

ಆ ಪೆಟ್ಟಿಗೆಯನ್ನು ನೆಲದಿಂದ ಅಗೆದು ತೆಗೆದ ಜಮೀನ್ದಾರನು ಒಳಗಿದ್ದ ಬೂದಿಯನ್ನು ದ್ರಾಕ್ಷಿತೋಟಕ್ಕೆ ಸುರಿದು ಇನ್ನೂರು ವರ್ಷ ಕಳೆದಿತ್ತು. ಅಂದಿನಿಂದ ಆ ಪೆಟ್ಟಿಗೆ ಬರಿದು. ಹಿಂದಿನ ರಾತ್ರಿ ಮುಚ್ಚಳವಿಳಿಸುವ ಮುನ್ನ ಜೆಲಿಂದಾ ಟಾರ್ಚಿನಲ್ಲಿ ನೋಡಿದಾಗಲೂ ಬರಿದೇ. ಈಗ ಅಂಚಿನವರೆಗೆ ಬೂದಿ.

ವಿದ್ವಾಂಸನಲ್ಲವೇ, ಬಂದಿನೂಚಿ ಪರೀಕ್ಷೆಗೆಂದು ಬೆರಳಿಟ್ಟ. ಆಮೇಲೆ ಮುಚ್ಚಿಸಿದ. ಅವಳು ಯಾವ ಊರಿಗೂ ಹೋಗಲಿಲ್ಲ.

ನಂಬದಿದ್ದರೆ ಬಿಡಿ. ಜೆಲಿಂದಾ ಬದುಕಿದ್ದಾಳೆ, ಹೋಗಿ ಕೇಳಿ. ನಿರ್ದೇಶಕನ ಬೆರಳಿನ ಸುಟ್ಟ ಬೊಬ್ಬೆಗೆ ಮುಲಾಮು ಹಚ್ಚಿದವಳು ಅವಳೇ.