ಸುಟ್ಟ ಬೆರಳು

ಹೈದರಾಬಾದಿನ ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆಗಿ ನಾಲ್ಕನೆಯ ವರ್ಷ. ಬೀದರಿನ ದವಾಖಾನೆಯಲ್ಲಿ ಕುಷ್ಠರೋಗದ ಹೊಸ ಗುಳಿಗೆಗಾಗಿ ಕಾದು ಕುಳಿತಿದ್ದ ಅತ್ತೆ-ಸೊಸೆಯ ಮಾತು ಪಕ್ಕದಲ್ಲಿ ಕುಳಿತಿದ್ದ ಶಿಕ್ಷಕಿ ವಿಮಲಾಬಾಯಿಯ ಕಿವಿಗೆ ಬಿತ್ತು. ರೋಗ ಸೊಸೆಗೆ; ಅವಳ ಕೂಸು ಅತ್ತೆಯ ತೊಡೆಯ ಮೇಲಿತ್ತು.

“ನಿನ್ನಿ ರೊಟ್ಟಿ ತಿರುವುವಾಗ ಬೆರಳು ಸುಟ್ಟಿತ್ರಿ, ಅತ್ತಿ.”

“ಸುಟ್ಟರ ನಗ್ತಾರೇನ, ಹುಚ್ಚಿ?”

“ವರ್ಷದಿಂದ ಕೆಂಡ ಹಿಡಿದರೂ ತಿಳೀತಿದ್ದಿಲ್ರಿ. ಗುಳಿಗಿ ಹತ್ಯಾವ. ಕೂಸಿನ್ನ ಎತ್ಕೋ ಅಂತ ಡಾಕ್ಟರೂ ಅಂದಾರಲ್ರಿ.”

“ಕೂಸಿನ ಆಸಿಗೆ ಸುಳ್ಳ ಹೇಳ್ತಿ. ಕಣ್ಣ ಮುಚ್ಚು, ಕೈ ಚಾಚು.”

“ಅಯ್ಯಯ್ಯೋ! ಎಷ್ಟ ಜೋರ ಚೂಟ್ತೀರಿ!”

“ಯಾವ ಬೆರಳು?”

“ಕಿರಿಬೆರಳ್ರಿ. ಸುಟ್ಟದ್ದೂ ಅದೇ!”

ಒಳಗಿನಿಂದ “ಸಖುಬಾಯಿ, ಡಾಬಕಾ!” ಎಂದು ಸೊಸೆಯ ಹೆಸರು, ಊರು ಹಿಡಿದು ಕೂಗು ಬಂತು.

“ಹಿಡಿ ಇವನ್ನ,” ಎನ್ನುತ್ತ ಅತ್ತೆ ಎದ್ದಳು. “ನಾ ಸೆರಗ ಸರಿ ಮಾಡ್ಕೋಬೇಕು.”

ಸೆರಗು ಸರಿಯಾಗಿಯೇ ಇತ್ತು. ಸೊಸೆ ಕೂಸನ್ನು ಎದೆಗವಚಿಕೊಂಡು ಒಳಗೆ ನಡೆದಳು.