ಮಹಾಂತಪ್ಪನವರ ಮಾತು ಮುಗಿದಿರಲಿಲ್ಲ

ಶ್ರೀಮತಿ ಗೌರಾಬಾಯಿಯವರೇ, ಅವರ ಮಗಳು ಸಪ್ನಾ ಅವರೇ, ಅವರ ಬಂಧುಗಳೇ, ಹರ್ನ್‌ಡನ್ ನುಡಿಕೂಟದ ಸದಸ್ಯರೇ — ತಮಗೆಲ್ಲರಿಗೂ ತ್ಯಾಗರಾಜನ ನಮಸ್ಕಾರ.

ಲಿಂಗೈಕ್ಯರಾದ ಮಹಾಂತಪ್ಪನವರನ್ನು ಸ್ಮರಿಸಲು ನಾವಿಂದು ನೆರೆದಿರುವುದು ಅವರು ಕಡೆಯ ಬಾರಿ ಭಾಷಣ ಮಾಡಿದ ಇದೇ ಲೈಬ್ರರಿಯ ಕೋಣೆಯಲ್ಲಿ. ನನಗಿಂತ ಮೊದಲು ಮಾತನಾಡಿದವರು ಅವರನ್ನು ಕೂಟದ ಕಿರೀಟವೆಂದರು, ಮಾತಿನ ಮಲ್ಲರೆಂದರು. ಕೇಳಿದೆ. ಎಲ್ಲವನ್ನೂ ಕೇಳಿದೆ. ಗೌರಾಬಾಯಿಯವರೂ ತಲೆತಗ್ಗಿಸಿ ಕೇಳಿದರು. ನಾನು ಹೊಗಳುವುದಿಲ್ಲ — ಕ್ಷಮಿಸಬೇಕು.

ಅವರು ಸೇತುವೆಗಳನ್ನು ಕಟ್ಟಿಸಿದ ಇಂಜಿನಿಯರು. ನಿವೃತ್ತಿಯ ನಂತರ ಒಂದು ಬೆಳಗ್ಗೆ ಸ್ಟ್ರೋಕ್ ಆಗಿ ಮಾತು ಹೋಯಿತು. ಅದನ್ನು ಮರಳಿ ತಂದುಕೊಟ್ಟವರು ಈ ತಾಯಿ. ಅಡಿಗೆಮನೆಯಲ್ಲಿ ಬದನೆಕಾಯಿಯನ್ನು ಹೀಗೆ ಎತ್ತಿ ಹಿಡಿದು, "ಇದೇನ್ರಿ? ಹೇಳ್ರಿ. ಹೇಳದಿದ್ರ ಇವತ್ತ ಎಣಗಾಯಿ ಇಲ್ಲ ನೋಡ್ರಿ," ಎನ್ನುತ್ತಿದ್ದರಂತೆ. ಹಾಗೆ ಒಂದೊಂದೇ ಹೆಸರು ಮರಳಿತು.

ಆಮೇಲೆ ಅವರು, ಅಮೆರಿಕದಲ್ಲೂ ಕನ್ನಡದಲ್ಲೇ ಭಾಷಣ ಕಲಿಯುವ ನಮ್ಮ ಈ ಕೂಟಕ್ಕೆ ಸೇರಿದರು. ಅವರಿಗೆ ಕಾರು ಓಡಿಸಲಾಗುತ್ತಿರಲಿಲ್ಲ. ಫೇರ್‌ಫ್ಯಾಕ್ಸ್‌ನ ಅವರ ಮನೆಯಿಂದ ನಾನೇ ಕರೆತರುತ್ತಿದ್ದೆ. ಸೇರಿದ ಕಾರಣವನ್ನು ದಾರಿಯಲ್ಲೊಮ್ಮೆ ತಡೆತಡೆದು ಹೇಳಿದರು — "ಇಕಿ ನನಗ... ಎಷ್ಟ ಮಾಡ್ಯಾಳ. ನಾ ಒಮ್ಮಿನೂ ಒಂದು... ಛಲೋ ಮಾತು ಆಡಿಲ್ಲ. ನಾಕ ಮಂದಿ ಮುಂದ... ಹೇಳೂದದ."

"ಮನೆಯಲ್ಲೇ ಹೇಳಬಹುದಲ್ಲ?" ಎಂದೆ.

ನಕ್ಕರು. "ಇಕಿಗೆ ಬೈದದ್ದೆಲ್ಲಾ... ನಾಕ ಮಂದಿ ಮುಂದ ಅಲ್ರಿ?"

ಕೂಟದ ಪದ್ಧತಿಯನ್ನು ಹೊರಗಿನಿಂದ ಬಂದ ಬಂಧುಗಳು ಅರಿಯದಿರಬಹುದು. ಭಾಷಣಕ್ಕೆ ಏಳು ನಿಮಿಷ. ಮುಗಿಯುತ್ತಲೇ ಕೆಂಪು ದೀಪ. ಅದು ಹೊತ್ತಿದ ಮೇಲೂ ಭಾಷಣಕಾರ ನಿಂತೇ ಇದ್ದರೆ ಸಭೆ ಚಪ್ಪಾಳೆ ತಟ್ಟತೊಡಗುತ್ತದೆ. ಆತ ಕೂರುವ ತನಕ ಬಿಡುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಸನ್ಮಾನವೆಂದೇ ತೋರಬೇಕು.

ಮಹಾಂತಪ್ಪನವರಿಗೆ ಹೆಚ್ಚು ಸಮಯ ಕೊಡಿರೆಂದು ನಾನು ಮೊದಲೇ ವಿನಂತಿಸಿದ್ದೆ. ಅಧ್ಯಕ್ಷರಾದ ಮುರಳೀಧರ ಅವರು ಇಲ್ಲಿಯೇ ಇದ್ದಾರೆ. ಅವರ ಉತ್ತರ ಇದು: "ಅಂಕಲ್, ಒಬ್ರಿಗೆ ಎಕ್ಸೆಪ್ಷನ್ ಮಾಡಿದ್ರೆ ನಾಳೆ ಎಲ್ರೂ ಕೇಳ್ತಾರೆ. ರೂಲ್ಸ್ ಎಲ್ರಿಗೂ ಒಂದೇ ಅಲ್ವಾ?"

ಆ ಕಡೆಯ ಭಾಷಣದ ಸಂಜೆ ಗೌರಾಬಾಯಿಯವರು ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ತಮ್ಮನ್ನೇಕೆ ಕರೆತಂದರೆಂಬುದು ಅವರಿಗೆ ತಿಳಿಯದು. ಶಾರದೆಯ ಪಟದ ಮುಂದೆ — ಫೈರ್ ಅಲಾರಂಗೆ ಹೆದರಿ — ಬ್ಯಾಟರಿಯ ದೀಪವಿಟ್ಟು, ವಾಗ್ದೇವಿಗೆ ಕೈಮುಗಿದು ಸಭೆಯನ್ನು ಆರಂಭಿಸಿದ್ದಾಯಿತು. ಮಹಾಂತಪ್ಪನವರು ಎದ್ದರು. ಸೇತುವೆಯ ಮಾತಾಯಿತು, ಆಸ್ಪತ್ರೆಯ ಮಾತಾಯಿತು. ಒಂದೊಂದು ಪದಕ್ಕೂ ದವಡೆ ಹೀಗೆ... ಹೀಗೆ ಸೆಣಸುತ್ತಿತ್ತು. ಕಡೆಗೆ, "ಆ ಮ್ಯಾಲ... ಇಕಿ... ನನ್ನ ಗೌರಾ..." ಎಂದು ಇವರತ್ತ ಕೈ ಚಾಚಿದರು. ಕೆಂಪು ದೀಪ ಹೊತ್ತಿತು.

ಚಪ್ಪಾಳೆ.

"ನಿಲ್ಲಿಸಿ!" ಎಂದು ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಅವರ ತುಟಿ ಆಡುತ್ತಲೇ ಇತ್ತು, ನಿಮ್ಮ ಕೈಗಳೂ. ಕೊನೆಗೆ ನಮಸ್ಕರಿಸಿ ಕುಳಿತುಬಿಟ್ಟರು. ಆಗ ಭಾಷಣವನ್ನು ವಿಮರ್ಶಿಸಲು ಉಷಾ ಅವರು ಎದ್ದು, "ತುಂಬಾ ಟಚಿಂಗ್ ಆಗಿತ್ತು ಅಂಕಲ್. ಟೈಮ್ ಮ್ಯಾನೇಜ್‌ಮೆಂಟ್ ಮಾತ್ರ ಸ್ವಲ್ಪ ಇಂಪ್ರೂವ್ ಮಾಡ್ಕೊಳ್ಳಿ," ಎಂದರು. ಅದಕ್ಕೂ ಚಪ್ಪಾಳೆ ಬಿತ್ತು.

ನನ್ನ ಕಾರಿನಲ್ಲಿ ಮರಳುವಾಗ ಗೌರಾಬಾಯಿಯವರು ಕೇಳಿದರು: "ಏನ್ ಹೇಳಾವ್ರಿದ್ರಿ? ಈಗ ಹೇಳ್ರಲ್ಲ."

ಅವರು ತಲೆಯಾಡಿಸಿದರು. "ಇಲ್ಲ... ಅಲ್ಲೇ ಹೇಳ್ತೀನಿ. ಮುಂದಿನ ಸಲ."

ಮುಂದಿನ ಸಲ — ಬರಲಿಲ್ಲ. ಆ ವಾರವೇ ಎರಡನೆಯ ಸ್ಟ್ರೋಕ್ ಆಯಿತು.

ತಾಯೀ, ಅವರು ಆಡಬೇಕೆಂದಿದ್ದುದನ್ನು ಇಂದು ಇಷ್ಟು ಜನರ ಮುಂದೆ ನಾನು ಹೇಳಿದ್ದೇನೆ. ಆದರೆ ಅದು ಅವರ ಬಾಯಿಂದ ಬರಬೇಕಿತ್ತು. ನನ್ನ ಬಾಯಿಂದ ಬಂದದ್ದು ಸುದ್ದಿ ಮಾತ್ರ. ಈ ಕೂಟವನ್ನು ಕ್ಷಮಿಸೆಂದು ನಾನು ಭಗವಂತನನ್ನು ಬೇಡುವುದಿಲ್ಲ, ನಿಮ್ಮನ್ನೂ ಬೇಡುವುದಿಲ್ಲ. ವಾಗ್ದೇವಿಗೆ ಮುಗಿದ ಕೈಗಳೇ ಆ ಮಾತನ್ನು ಮುಳುಗಿಸಿದವು.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಕಾರ್ಯಕ್ರಮದಲ್ಲಿ ಒಂದು ನಿಮಿಷದ ಮೌನವೆಂದಿದೆ. ಆ ನಿಮಿಷದ ಲೆಕ್ಕ ಬಿಡಿ. ಗೌರಾಬಾಯಿಯವರು ನಿಂತಿದ್ದಾರೆ. ಅವರು ಕುಳಿತುಕೊಂಡ ಮೇಲೆ ನಾವು ಕೂರೋಣ.