ಮೂರು ಮೆಟ್ಟಿಲ ಮೇಲಿನ ಕುರ್ಚಿ

ಚಂದ್ರಾ ಲೇಔಟಿನ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆಗೆ ಕಾಯುತ್ತಿದ್ದ ರುದ್ರೇಶನ ಕಿವಿ ಪಕ್ಕಕ್ಕೆ ಹೊರಳಿತು. ಅಂಗಡಿಯ ಕೆಲಸದ ಹುಡುಗಿ ದಿವ್ಯ ವಯಸ್ಸಾದವರ ಕೈಕಾಲಿನ ಬಲ ಪರೀಕ್ಷಿಸಿ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಪರೀಕ್ಷೆಗೆ ಬಂದಿದ್ದ ಅಜ್ಜಿ ಮುನಿತಾಯಮ್ಮ ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂತಿದ್ದರು.

“ಸೂಪರ್ ಅಜ್ಜಿ! ಬೆಳಗಿಂದ ಬಂದೋರೆಲ್ಲ ಗಟ್ಟಿಯಾಗೇ ಇದಾರೆ.”

“ಇರದೇ ಇನ್ನೇನು? ನಿಮ್ಮಂಗಡಿಗೆ ಎಷ್ಟು ಮೆಟ್ಟಿಲು?”

“ಮೂರು.”

“ಹಿಡ್ಕೊಳ್ಳಕ್ಕೆ ಕಂಬಿ?”

“ಇಲ್ಲ ಅಜ್ಜಿ.”

“ಹತ್ತಕ್ಕಾಗ್ದೆ ಕೆಳಗೆ ಬಿಸಿಲಲ್ಲಿ ಚೀಟಿ ಚಾಚ್ಕೊಂಡು ನಿಂತವ್ರಲ್ಲ ಮರೆಪ್ಪನವರು, ಅವರನ್ನ ಪರೀಕ್ಷೆ ಮಾಡಿದ್ಯಾ?”

“ಮೇಲೆ ಬಂದವರಿಗೆ ಮಾತ್ರ ಅಂತ ಓನರ್ ಹೇಳಿದಾರೆ…”

“ಹತ್ತಿ ಬಂದೋರ್ನ ಮಾತ್ರ ನೋಡಿ ಎಲ್ಲರೂ ಗಟ್ಟಿ ಅಂತ ಬರ್ಕೊಳೋದು ಯಾವ ಸೀಮೆ ಪರೀಕ್ಷೆನಮ್ಮ?”

ದಿವ್ಯ ಬಾಯಿ ತೆರೆಯುವಷ್ಟರಲ್ಲಿ ಮುನಿತಾಯಮ್ಮ ಕುರ್ಚಿಯನ್ನೆತ್ತಿ ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲಿಳಿಯತೊಡಗಿದರು.

“ನಿನ್ನ ಬುಕ್ ತಗೊಂಡು ಕೆಳಗೆ ಬಾ!”